ಹಾಜರಾಬಿಯ ಬಳ್ಳಿಗೆ ನಾನು ಮಾಡಿದ ಉಪಕಾರ

ಬೇರಿಗೆ ಹತ್ತುವ ಶಿಲೀಂಧ್ರವೆಲ್ಲ ರೋಗವಲ್ಲ. ಕೆಲವು ಬೇರಿನೊಳಗೇ ಮನೆ ಮಾಡಿ ಗಿಡಕ್ಕೆ ನೀರು, ಸಾರ ತಂದುಕೊಡುತ್ತವೆ. ಇದು ನಿಮಗೆ ಗೊತ್ತಿರಬೇಕಿತ್ತು. ನನಗಂತೂ ಗೊತ್ತಿತ್ತು, ಇದೇ ಅಂಕಣದಲ್ಲಿ ಎರಡು ಸಲ ಬರೆದು, ಕಂಡಕಂಡಲ್ಲಿ ಔಷಧಿ ಸುರಿಯುವ ರೈತರನ್ನು ತರಾಟೆಗೆ ತೆಗೆದುಕೊಂಡಿದ್ದೇನೆ.

ನನ್ನ ಹೆಂಡತಿ ಹಾಜರಾಬಿ ಅದನ್ನು ಓದಲಿಲ್ಲ, ಮಾಡಿದಳು. ಸವಣೂರಿನ ನಮ್ಮ ಹಿತ್ತಲಲ್ಲಿ ಅವಳ ತಾಯಿ ರಹಿಮಾಬಿ ನೆಟ್ಟುಕೊಟ್ಟ ನಾಲ್ಕು ವೀಳ್ಯದೆಲೆ ಬಳ್ಳಿಗಳಿದ್ದವು. ಹೋದ ವರ್ಷ ತಾಯಿ ತೀರಿಕೊಂಡರು. ಅವರ ಎಲೆತೋಟ ಸೈಟುಗಳಾಯಿತು. ನಮಗೆ ಗೊತ್ತಿದ್ದಂತೆ ಉಳಿದದ್ದು ಈ ನಾಲ್ಕೇ. ಅವೂ ಸೊರಗತೊಡಗಿದಾಗ ಅವಳು ಆ ಉಪಕಾರಿ ಶಿಲೀಂಧ್ರವಿದ್ದ ಮಣ್ಣು ತಂದು ಮೂರು ಕುಂಡಗಳಿಗೆ ಹಂಚಿ, ಜೋಳ, ಗೋವಿನಜೋಳ, ಉಳ್ಳಾಗಡ್ಡಿ ಬಿತ್ತಿದಳು. ಜೀವಂತ ಬೇರಿಲ್ಲದೆ ಅದು ಬೆಳೆಯುವುದಿಲ್ಲ.

“ಯಾವ ಬೇರು ಇದಕ್ಕ ಒಗ್ಗತೈತಿ ನೋಡೂಣ್ರಿ.”

“ಓಹೋ, ಸಂಶೋಧನಾ ಮಹಾಸಂಸ್ಥಾನ!” ಎಂದೆ.

“ನೀವು ಬರೀರಿ. ನಾ ನೀರ ಹಾಕ್ತೇನಿ.”

ಎಪ್ಪತ್ತು ದಿನ ಸಾಕಿದಳು. ಜೋಳದ ಬೇರು ಕುಂಡವನ್ನೇ ಹೆಣೆದಿತ್ತು. ನೀರು ನಿಲ್ಲಿಸಿ, ಪೈರು ಕೊಯ್ದು, ಬೇರನ್ನು ಮಣ್ಣಿನ ಸಮೇತ ಕೊಚ್ಚಿ ಬಳ್ಳಿಗಳ ಬುಡಕ್ಕೆ ಹಾಕಿದಳು. ತಿಂಗಳೊಳಗೆ ಹೊಸ ಚಿಗುರು. “ಬಂದೇನವ್ವಾ?” ಎಂದು ಅದನ್ನು ಮಾತಾಡಿಸಿದಳು.

ಬಂಕಾಪುರದ ಅಕ್ಕನ ಮನೆಗೆ ಹೊರಟಾಗ ಹೇಳಿದ್ದು ಒಂದೇ: “ಬಳ್ಳಿಗೆ ಏನೂ ಮಾಡಬ್ಯಾಡ್ರಿ. ಮಳಿ ಆಗೈತಿ, ನೀರು ಸೈತ ಬ್ಯಾಡ.”

ಎರಡನೆಯ ದಿನ ಬುಡದ ಮೇಲೆ ಬಿಳಿ ನೂಲು ಕಂಡಿತು. (ಕೊಳೆತ ಸೊಪ್ಪಿನ ಮೇಲೆ ಬರುವ ಬಡಪಾಯಿ ಬೂಷ್ಟು, ಈಗ ಹೇಳುತ್ತಿದ್ದೇನೆ.) ಎಲೆತೋಟದವರ ಮನೆಯಲ್ಲಿ ಹುಟ್ಟಿದ ಕೈ ನನ್ನದು. ಬಿಳಿ ಕಂಡರೆ ಅದು ತಲೆಯನ್ನು ಕೇಳುವುದಿಲ್ಲ, ನೆಟ್ಟಗೆ ಶಿಲೀಂಧ್ರ ಕೊಲ್ಲುವ ಮೈಲುತುತ್ತದ ಡಬ್ಬಿಗೆ ಹೋಗುತ್ತದೆ. ಬೆರೆಸುವಾಗ ಅದರ ಉರಿ ತಗ್ಗಿಸುವ ಸುಣ್ಣ ಕಡಿಮೆ ಬಿತ್ತು. ಬುಡ ನೆನೆಯುವಷ್ಟು ಸುರಿದೆ, ಪ್ರೀತಿಯಿಂದ.

ಅವಳು ಬಂದಾಗ ಚಿಗುರು ಕಪ್ಪಾಗಿ ಬಗ್ಗಿತ್ತು. ಮಣ್ಣು ನೀಲಿ.

“ಏನ ಹಾಕೀರಿ?”

“ರೋಗ ಬರಬಾರದಂತ...”

“ನಿಮ್ಮ ಲೇಖನ ನಿಮಗ ಯಾರೂ ಓದಿ ಹೇಳಲಿಲ್ಲೇನ್ರಿ?”

ಗೋಡೆಯಾಚೆ ನೆರೆಮನೆಯ ಖಾದರಸಾಬ ನಕ್ಕ. ಅವಳು ನಗಲಿಲ್ಲ, ಬೈಯಲೂ ಇಲ್ಲ. (ಬೈದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.) ವಾರದಲ್ಲಿ ನಾಲ್ಕೂ ಒಣಗಿದವು. ಜೋಳದ ಕುಂಡದಿಂದ ಎತ್ತಿಟ್ಟಿದ್ದ ಒಂದು ಹಿಡಿ ಮಣ್ಣಿಗೆ ಅವಳು ಮತ್ತೆ ಜೋಳ ಬಿತ್ತಿದ್ದಾಳೆ. ಯಾವ ಬಳ್ಳಿಗೆ ಎಂದು ಕೇಳುವ ಧೈರ್ಯ ನನಗಿಲ್ಲ.

ರಹಿಮಾಬಿ ಕೇಳಿದವರಿಗೆಲ್ಲ ಬಳ್ಳಿ ಕೊಟ್ಟ ಹೆಂಗಸು. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರಿನವರೇ, ನಿಮ್ಮ ಹಿತ್ತಲಲ್ಲಿ ಒಂದಾದರೂ ಬದುಕಿದ್ದರೆ ಗೇಣುದ್ದ ಕತ್ತರಿಸಿ ತನ್ನಿ. ಹಾಜರಾಬಿಯ ಕೈಗೇ ಕೊಡಿ. ನನ್ನ ಕೈಗೆ ಬೇಡ.