ಕಾರಿನಲ್ಲಿ ಕುದಿದ ಹಸಿರು

ಶನಿವಾರ ಬೆಳಿಗ್ಗೆ ಯಾಕೆರಾಯರು ಕಾಫಿ ಲೋಟವನ್ನು ಕೆಳಗಿಟ್ಟು, ಎದ್ದು ನಿಂತು, ದೊಡ್ಡ ಸಭೆಯನ್ನು ಉದ್ದೇಶಿಸಿ ಮಾತನಾಡುವವರಂತೆ ಗಂಟಲು ಸರಿಪಡಿಸಿಕೊಂಡರು.

"ಇವತ್ತಿನಿಂದ ನಮ್ಮ ಕಾರಿನ ಹೊಟ್ಟೆಗೆ ಗ್ಯಾರೇಜಿನವನ ಕೈ ಹೋಗಕೂಡದು. ಅದರ ಕೂಲಂಟನ್ನ ನಾನೇ, ನನ್ನ ಸ್ವಂತ ಕೈಯಿಂದ ಬದಲಾಯಿಸ್ತೀನಿ!"

ಸಭೆಯಲ್ಲಿ ಇದ್ದದ್ದು ಅವರ ಹೆಂಡತಿ ಒಬ್ಬರೇ. ಅವರ ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿಗಳಿದ್ದುದರಿಂದ ವಿರೋಧ ಪಕ್ಷದ ಕಡೆಯಿಂದ ಯಾವ ಆಕ್ಷೇಪವೂ ಬರಲಿಲ್ಲ. ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು.

ಅವರಿಗೆ ಯಾಕೆರಾಯರೆಂಬ ಹೆಸರನ್ನು ಇಟ್ಟವರು ಅವರ ಗ್ರಂಥಾಲಯಕ್ಕೆ ಬರುವ ಓದುಗರು. ಯಾರಾದರೂ ಬಂದು ಪುಸ್ತಕ ಕೇಳಿದರೆ, ಈ ಗ್ರಂಥಪಾಲಕರು ಕಪಾಟಿನ ಕಡೆಗೆ ಹೋಗುವ ಮೊದಲು "ಯಾಕೆ?" ಎನ್ನುತ್ತಿದ್ದರು. ಗದರುವುದಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳುವುದಕ್ಕೆ. ಮೋಡ ಕಂಡರೂ ಯಾಕೆ, ನಲ್ಲಿ ತೊಟ್ಟಿಕ್ಕಿದರೂ ಯಾಕೆ. ಕಾರಿನ ಕೈಪಿಡಿಯನ್ನು ಜಗತ್ತಿನಲ್ಲಿ ಮುನ್ನುಡಿಯಿಂದ ಕೊನೆಯ ಪುಟದವರೆಗೆ ಓದಿದ ಮನುಷ್ಯ ಬಹುಶಃ ಅವರೊಬ್ಬರೇ. ಎಂಜಿನ್ನಿನ ಬೇಗೆಯನ್ನು ಹೊತ್ತುಕೊಂಡು ರೇಡಿಯೇಟರಿಗೆ ಬಂದು, ಅಲ್ಲಿ ಗಾಳಿಗೆ ತಣ್ಣಗಾಗಿ, ಮತ್ತೆ ಒಳಕ್ಕೆ ಓಡುವ ಕೂಲಂಟೆಂಬ ಆ ದ್ರವದ ಕಥೆ ಅವರಿಗೆ ಎಷ್ಟು ಹಿಡಿಸಿತ್ತೆಂದರೆ, ಎರಡು ದಿನ ಊಟದ ಹೊತ್ತಿನಲ್ಲಿ ಬೇರೆ ಮಾತೇ ಇರಲಿಲ್ಲ.

ಹೆಂಡತಿಗೆ ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಇರಲಿಲ್ಲ. ಅವರು ಬಟ್ಟೆ ಹೊಲಿಯುವವರು. ಊರಿನ ನಾಟಕ ತಂಡ ಮೊದಲ ಸಲ ಅವರನ್ನು ನಂಬಿ ಕೆಲಸ ಒಪ್ಪಿಸಿತ್ತು. ಭಾನುವಾರ ಸಂಜೆಯ ನಾಟಕದಲ್ಲಿ ಒಂದು ಕಾಡು ಬರುತ್ತದೆ, ಅದರಲ್ಲಿ ಮರಗಳು ಮಾತನಾಡುತ್ತವೆ. ಆ ಮರಗಳ ನಿಲುವಂಗಿಗಳೆಲ್ಲ ಇವರ ಹೊಣೆ. ಬಿಳಿ ಬಟ್ಟೆಯಲ್ಲಿ ಹೊಲಿದು, ಕಡುಹಸಿರು ಬಣ್ಣದಲ್ಲಿ ಅದ್ದಿ, ಒಣಗಿಸಿ ಕೊಡಬೇಕು. ಚೆನ್ನಾಗಿ ಬಂದರೆ ಮುಂದೆ ತಂಡದ ಉಡುಪೆಲ್ಲ ಇವರದೇ. ಕೆಟ್ಟರೆ ಮತ್ತೆ ಪರದೆ, ದಿಂಬಿನ ಚೀಲಗಳೇ ಗತಿ.

ಕೂಲಂಟ್ ಆರಿಸುವ ಕಾರ್ಯವನ್ನು ರಾಯರು ಹಿಂದಿನ ದಿನವೇ ಮುಗಿಸಿದ್ದರು. ಬಿಡಿಭಾಗಗಳ ಅಂಗಡಿಯವನು ಎಲ್ಲರನ್ನೂ ಕೇಳುವಂತೆ ಇವರನ್ನೂ ಯಾವ ಬಣ್ಣದ್ದು ಬೇಕು ಎಂದು ಕೇಳಿಬಿಟ್ಟಿದ್ದ. ಪಾಪ, ಅವನಿಗೇನು ಗೊತ್ತು. ರಾಯರು ಅಂಗಡಿಯಲ್ಲಿದ್ದ ಗುಲಾಬಿ, ನೀಲಿ, ಕಿತ್ತಳೆ, ಹಸಿರು ಡಬ್ಬಿಗಳನ್ನೆಲ್ಲ ಇಳಿಸಿ, ಕನ್ನಡಕ ಏರಿಸಿ, ಒಂದೊಂದರ ಬೆನ್ನನ್ನೂ ಓದಿದರು. ಹಿಂದೆ ನಿಂತಿದ್ದ ಗಿರಾಕಿಗಳು ಕಾಲು ಬದಲಾಯಿಸುತ್ತಿದ್ದಂತೆ ಉಪನ್ಯಾಸವೂ ಆಯಿತು.

"ಬಣ್ಣದಲ್ಲಿ ಏನಿದೆಯಪ್ಪಾ? ಒಬ್ಬೊಬ್ಬ ತಯಾರಕ ಒಂದೊಂದು ಬಣ್ಣ ಬೆರೆಸ್ತಾನೆ. ಬಣ್ಣ ನೋಡಿ ಸುರಿಯೋನು ಮೋಸ ಹೋಗ್ತಾನೆ. ಒಳಗೇನಿದೆ ಅಂತ ನೋಡಬೇಕು!"

ಕೈಪಿಡಿಯಲ್ಲಿ ಹೇಳಿದ್ದಕ್ಕೆ ಅಕ್ಷರಶಃ ಹೊಂದುವ ಡಬ್ಬಿ ಕೊನೆಗೂ ಸಿಕ್ಕಿತು. ಅದು ಹಸಿರಾಗಿದ್ದದ್ದು ಕೇವಲ ಆಕಸ್ಮಿಕ.

ಠರಾವಿನ ನಂತರ ಕೆಲಸ ಶುರುವಾಯಿತು. ಎಂಜಿನ್ ತಣ್ಣಗಿದೆಯೆಂದು ಮುಟ್ಟಿ ನೋಡಿ, ರೇಡಿಯೇಟರಿನ ತಳದ ತಿರುಪನ್ನು ಬಿಚ್ಚಿದರು. ಕೆಸರಿನ ಬಣ್ಣದ ಹಳೆಯ ದ್ರವ ಬೋಗುಣಿಗೆ ಇಳಿಯಿತು. ಅದು ಸಿಹಿಯಾದ ವಿಷ, ಬೆಕ್ಕು ನಾಯಿ ನೆಕ್ಕಿದರೆ ಪ್ರಾಣಕ್ಕೆ ಸಂಚಕಾರ ಎಂದು ಓದಿದ್ದರಿಂದ ಕೂಡಲೇ ಡಬ್ಬಿಗೆ ತುಂಬಿ ಬಿಗಿದಿಟ್ಟರು. ಒಳಗೆಲ್ಲ ನೀರು ಹಾಯಿಸಿ ತೊಳೆದರು. ಆಮೇಲೆ ಹೆಂಡತಿಯ ಹತ್ತಿರ ಒಂದು ಬಕೆಟ್ ಕೇಳಿ ಪಡೆದು, ಹೊಸ ಕೂಲಂಟಿಗೆ ಬಟ್ಟಿ ಇಳಿಸಿದ ನೀರನ್ನು ಅರ್ಧಕ್ಕರ್ಧ ಬೆರೆಸಿ, ಮುಚ್ಚಳ ಹಾಕಿಟ್ಟರು. ಎಲ್ಲವೂ ಶಾಸ್ತ್ರೋಕ್ತ.

ಇಷ್ಟರಲ್ಲೇ ನಿಂತಿದ್ದರೆ ಈ ಕಥೆಯನ್ನು ಹೇಳುವ ಅಗತ್ಯವಿರಲಿಲ್ಲ. ಆದರೆ ರಾಯರದು ಉಪಕಾರ ಮಾಡುವ ಸ್ವಭಾವ. ಹಿತ್ತಲಿನಲ್ಲಿ ಹೆಂಡತಿಯ ಬಣ್ಣದ ಬಕೆಟ್ ಬಿಸಿಲಿಗೆ ಸಿಕ್ಕಿತ್ತು. ಬಿಸಿನೀರಿನಲ್ಲಿ ಬಣ್ಣದ ಪುಡಿ, ಉಪ್ಪು ಹಾಕಿ ಕದಡಿಟ್ಟು, ಆಕೆ ಗುಂಡಿ ತರಲು ಪೇಟೆಗೆ ಹೋಗಿದ್ದರು. ಬಿಸಿಲಿಗೆ ಬಣ್ಣ ಕೆಟ್ಟೀತೆಂದು ರಾಯರು ಅದನ್ನು ಎತ್ತಿ ತಂದು ನೆರಳಿನಲ್ಲಿ, ತಮ್ಮ ಬಕೆಟ್ಟಿನ ಪಕ್ಕದಲ್ಲೇ ಇಟ್ಟರು. ಎರಡೂ ಒಂದೇ ಅಂಗಡಿಯ, ಒಂದೇ ಅಳತೆಯ ಬಕೆಟ್ಟುಗಳು. ಮುಚ್ಚಳಗಳೂ ಅವಳಿ ಜವಳಿ. ಆಮೇಲೆ ಆಲಿಕೆ ಹುಡುಕಲು ಒಳಗೆ ಹೋದವರು, ಆಲಿಕೆಯ ಕೊಳವೆ ಕೆಳಗೆ ಕಿರಿದಾಗಿರುವುದು ಯಾಕೆ ಎಂದು ಒಂದಿಷ್ಟು ಯೋಚಿಸಿ ಹೊರಬಂದರು. ಒಂದು ಬಕೆಟ್ಟಿನ ಮುಚ್ಚಳ ತೆಗೆದರು. ಹಸಿರಾಗಿತ್ತು. ಸುರಿದರು.

ಗಾಳಿಗುಳ್ಳೆ ಹೋಗಲೆಂದು ರೇಡಿಯೇಟರಿನ ಮುಚ್ಚಳ ತೆರೆದೇ ಎಂಜಿನ್ ಓಡಿಸಿದರು. ಗುಳುಗುಳು ಎಂದು ಗುಳ್ಳೆಗಳು ಎದ್ದವು. ಅದನ್ನು ಬಗ್ಗಿ ನೋಡುತ್ತಿದ್ದಾಗ ಒಂದಿಷ್ಟು ಉಕ್ಕಿ ಚೆಲ್ಲಿತು. ಕೈಗೆ ಸಿಕ್ಕಿದ ಬಟ್ಟೆಯಿಂದ ಒರೆಸಿದ ಮೇಲೆ, ಅದು ಹೊಸ ದಿಂಬಿನ ಚೀಲವೆಂದು ಗೊತ್ತಾಯಿತು. ಅದನ್ನು ಮೆಲ್ಲಗೆ ಒಗೆಯುವ ಬಟ್ಟೆಗಳ ರಾಶಿಯ ತಳಕ್ಕೆ ಸೇರಿಸಿದರು.

ಮಧ್ಯಾಹ್ನ ಹೆಂಡತಿಯನ್ನು ಕೂರಿಸಿಕೊಂಡು ಕೆರೆಯ ತನಕ ಒಂದು ಸುತ್ತು ಹೋಗಿಬಂದರು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅಲುಗಾಡದೆ ನಡುವಿನಲ್ಲೇ ನಿಂತಿತ್ತು.

"ಕೇಳಿಸ್ತಾ? ಎಂಜಿನ್ನಿನ ದನಿಯೇ ಬೇರೆಯಾಗಿದೆ. ಎಷ್ಟು ತಂಪಾಗಿ ಉಸಿರಾಡ್ತಿದೆ ನೋಡು. ಒಳ್ಳೇ ಕೂಲಂಟಿನ ಗುಣ ಅಂದ್ರೆ ಇದು."

"ನಂಗೇನೋ ಮೊದಲಿನ ಹಾಗೇ ಕೇಳಿಸ್ತಿದೆ."

"ಅದಕ್ಕೆಲ್ಲ ಕಿವಿ ಬೇಕಮ್ಮಾ, ಕಿವಿ."

ಆ ಕಿವಿಯ ಅಭಿಮಾನದಲ್ಲಿ ರಾಯರು ಸ್ವಲ್ಪ ಹೊತ್ತು ಮಲಗಿದರು. ಎದ್ದು ಹಿತ್ತಲಿಗೆ ಬಂದಾಗ ಹೆಂಡತಿ ಕೈಗವಸು ಹಾಕಿಕೊಂಡು, ಬಕೆಟ್ಟಿನ ಮುಂದೆ ತಲೆಯ ಮೇಲೆ ಆಕಾಶ ಬಿದ್ದವರಂತೆ ಕುಳಿತಿದ್ದರು. ಎಷ್ಟು ಸಲ ಅದ್ದಿದರೂ ಬಟ್ಟೆ ಬಣ್ಣ ಹಿಡಿಯುತ್ತಿಲ್ಲವಂತೆ. ಅದ್ದಿದಾಗ ಹಸಿರು, ನೀರಿಗೆ ಹಾಕಿದರೆ ಮತ್ತೆ ಬಿಳಿ. ಬಣ್ಣವೋ, ಎಣ್ಣೆ ಸವರಿದಂತೆ ಬೆರಳಿನಿಂದ ಜಾರುತ್ತಿದೆಯಂತೆ.

ರಾಯರ ಕಣ್ಣು ಹೊಳೆಯಿತು. ಯಾಕೆ? ಅವರು ಬಕೆಟ್ಟಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ವಿಚಾರಣೆ ಆರಂಭಿಸಿದರು. ನೂಲಿಗೆ ಗಂಜಿ ಹಾಕಿದ್ದಾರೇನೋ ಎಂದರು. ನೀರು ಗಡಸಿರಬಹುದು ಎಂದರು. ಬಟ್ಟೆಯ ಎಳೆಗೂ ಬಣ್ಣದ ಕಣಕ್ಕೂ ಇರುವ ಸಂಬಂಧವನ್ನು, ಗ್ರಂಥಾಲಯದಲ್ಲಿ ಎಂದೋ ಓದಿದ್ದನ್ನು, ವಿವರವಾಗಿ ತಿಳಿಸಿದರು. ಕೊನೆಗೆ ಆಕೆಯ ಭುಜ ತಟ್ಟಿ, ಅಂಗಡಿಯವನು ಕೊಟ್ಟದ್ದನ್ನು ಕಣ್ಣುಮುಚ್ಚಿ ತಂದರೆ ಹೀಗೇ ಆಗುವುದು, ತಮ್ಮ ಹಾಗೆ ಓದಿ ತರಬೇಕಿತ್ತು ಎಂದೂ ಸೇರಿಸಿದರು.

ಹೆಂಡತಿ ಎದ್ದು ಬೇರೆ ನೀರು ತಂದರು. ನಿಲುವಂಗಿಗಳನ್ನು ಮತ್ತೆ ಮತ್ತೆ ಜಾಲಾಡಿ ಹಗ್ಗಕ್ಕೆ ಹಾಕಿದರು. ಸಂಜೆಯ ಬೆಳಕಿನಲ್ಲಿ ಸಾಲಾಗಿ ನೇತಾಡುತ್ತಿದ್ದ ಅವು ಕಾಡಿನಂತೆ ಕಾಣಲಿಲ್ಲ, ಆಸ್ಪತ್ರೆಯಂತೆ ಕಂಡವು. ನಾಳೆ ತಂಡದವರಿಗೆ ಯಾವ ಮುಖ ತೋರಿಸಲಿ ಎಂದು ಆಕೆ ಮೆಲ್ಲಗೆ ಅಂದದ್ದು ರಾಯರ ಕಿವಿಗೂ ಬಿತ್ತು. ಆ ರಾತ್ರಿ ಅವರು ಕೂಲಂಟಿನ ಸುದ್ದಿ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಹೆಂಡತಿ ಒಗೆಯಲು ಕುಳಿತರು. ರಾಶಿಯ ತಳದಿಂದ ದಿಂಬಿನ ಚೀಲ ಹೊರಬಂತು. ಬಾಗಿಲ ಮರೆಯಲ್ಲಿ ನಿಂತಿದ್ದ ರಾಯರು ಬೈಗುಳಕ್ಕೆ ಬೆನ್ನು ಸಿದ್ಧಪಡಿಸಿಕೊಂಡರು. ಬೈಗುಳ ಬರಲಿಲ್ಲ. ಆಕೆ ಚೀಲವನ್ನು ಸಾಬೂನು ಹಾಕಿ ತಿಕ್ಕಿದರು. ಹಿಂಡಿದರು. ಬಿಸಿಲಿಗೆ ಹಿಡಿದು ನೋಡಿದರು. ಕಲೆ ಒಂದಿಷ್ಟೂ ಬಿಟ್ಟಿರಲಿಲ್ಲ. ದಟ್ಟ ಕಾಡಿನ ನಡುವಿನ ಎಲೆಯಂಥ ಹಸಿರು.

"ರೀ, ಇಲ್ಲಿ ಬನ್ನಿ. ಇದರಲ್ಲಿ ಏನು ಒರೆಸಿದ್ರಿ?"

"ಬೇಕಂತ ಒರೆಸಲಿಲ್ಲ ಕಣೇ. ಕಾರಿನ ಬಾಯಿಂದ ಸ್ವಲ್ಪ ಉಕ್ಕಿತು, ಅದಕ್ಕೇ..."

ಆಕೆ ಚೀಲವನ್ನು ನೋಡಿದರು. ಕಾರನ್ನು ನೋಡಿದರು. ನೆರಳಿನಲ್ಲಿದ್ದ ಬಕೆಟ್ಟನ್ನು ನೋಡಿದರು. ಕೊನೆಗೆ ಗಂಡನನ್ನು ನೋಡಿದರು. ರಾಯರ ಕಣ್ಣುಗಳೂ ಅದೇ ದಾರಿಯಲ್ಲಿ ಸುತ್ತಿ, ಸ್ವಲ್ಪ ತಡವಾಗಿ ಅಲ್ಲಿಗೇ ಬಂದು ಮುಟ್ಟಿದವು.

"ಬಣ್ಣದಲ್ಲಿ ಏನಿದೆಯಪ್ಪಾ," ಎಂದರು ಹೆಂಡತಿ, ಬಹಳ ಮೃದುವಾಗಿ. ಅಂಗಡಿಯ ಉಪನ್ಯಾಸವನ್ನು ಶುಕ್ರವಾರ ಊಟದ ಹೊತ್ತಿನಲ್ಲಿ, ವ್ಯವಧಾನ ಇಲ್ಲದಿದ್ದರೂ, ಪೂರ್ತಿಯಾಗಿ ಕೇಳಬೇಕಾಗಿ ಬಂದವರು ಅವರು. "ತಿರುಪು ಬಿಚ್ಚಿ."

ರಾಯರು ಬಿಚ್ಚಿದರು. ಒಂದು ದಿನ ಎಂಜಿನ್ನಿನ ಹೊಟ್ಟೆಯಲ್ಲಿ ಕಾದು, ಅಲ್ಲಿನ ತುಕ್ಕನ್ನೂ ಸೇರಿಸಿಕೊಂಡ ಬಣ್ಣ, ಬೋಗುಣಿಗೆ ಗಂಭೀರವಾಗಿ ಇಳಿಯಿತು. ಆಕೆ ಅದನ್ನು ಒಲೆಯ ಮೇಲೆ ಇನ್ನೊಮ್ಮೆ ಕಾಯಿಸಿ, ಹೆದರುತ್ತಲೇ ಒಂದು ನಿಲುವಂಗಿಯ ತುದಿ ಅದ್ದಿದರು. ಹಿಡಿಯಿತು! ಹಿಡಿದದ್ದು ಮಾತ್ರವಲ್ಲ, ತುಕ್ಕು ಬಿದ್ದ ಕಡೆಗಳಲ್ಲಿ ಒಣಗಿದ ಎಲೆಯಂತೆ, ತೊಗಟೆಯಂತೆ, ಕಂದು ಛಾಯೆ ಹಾಯಿತು. ಮಧ್ಯಾಹ್ನದ ಹೊತ್ತಿಗೆ ಹಗ್ಗದ ಮೇಲೆ ಆಸ್ಪತ್ರೆ ಹೋಗಿ ಕಾಡು ಬೆಳೆದಿತ್ತು.

ಆದರೆ ಕಾಡು ರಂಗಮಂದಿರಕ್ಕೆ ಹೋಗುವುದು ಹೇಗೆ? ಕಾರಿನ ಹೊಟ್ಟೆ ಖಾಲಿ. ಉಳಿದಿದ್ದ ಕೂಲಂಟಿನ ತುಂಬ ನೂಲಿನ ಎಳೆಗಳು. ಭಾನುವಾರ ಅಂಗಡಿಯೂ ಮುಚ್ಚಿತ್ತು. ಬಸ್ಸೇ ಗತಿಯಾಯಿತು. ಎಲ್ಲಕ್ಕಿಂತ ದೊಡ್ಡ ಮರದ ನಿಲುವಂಗಿ ಮಾತ್ರ ಇನ್ನೂ ಹಸಿಯಾಗಿತ್ತು. ಗಂಟು ಕಟ್ಟಿದರೆ ಮುದುಡುತ್ತದೆ, ಮೈಮೇಲಿದ್ದರೆ ಗಾಳಿಗೆ ಒಣಗುತ್ತದೆ ಎಂದು ಹೆಂಡತಿ ತೀರ್ಮಾನ ಕೊಟ್ಟರು. ಮೈ ಯಾರದೆಂದು ಹೇಳಬೇಕಾಗಿರಲಿಲ್ಲ.

ಹೀಗೆ ಗ್ರಂಥಪಾಲಕರು ಎರಡೂ ಕೈಗಳನ್ನು ಕೊಂಬೆಗಳಂತೆ ಚಾಚಿ ಬಸ್ ನಿಲ್ದಾಣದಲ್ಲಿ ನಿಂತರು. ಇದು ಆಳೋ ಸಾಮಾನೋ ಎಂದು ಕಂಡಕ್ಟರು ಕ್ಷಣಕಾಲ ಯೋಚಿಸಿ, ಬಾಗಿಲಿನ ಹತ್ತಿರ ನಿಲ್ಲಿಸಿಕೊಂಡ. ಅದೇ ಬಸ್ಸಿನಲ್ಲಿ ಬಿಡಿಭಾಗಗಳ ಅಂಗಡಿಯವನು ಸಂಸಾರಸಮೇತ ಹೊರಟಿದ್ದ. ಮರದ ತುದಿಯಲ್ಲಿ ಕನ್ನಡಕ ಕಂಡು ಗುರುತು ಹಿಡಿದು, "ಸಾರ್, ಕೂಲಂಟ್ ಹಾಕಿದ್ರಾ? ಕಾರು ಹೇಗೆ ಓಡ್ತಿದೆ?" ಎಂದು ಮರ್ಯಾದೆಯಿಂದಲೇ ವಿಚಾರಿಸಿದ. ಮರಗಳು ಮಾತನಾಡುವುದು ನಾಟಕದಲ್ಲಿ ಮಾತ್ರ. ರಾಯರು ಕಿಟಕಿಯ ಹೊರಗೆ ನೋಡಿದರು.

ನಾಟಕ ಗೆದ್ದಿತು. ಪರದೆ ಸರಿದು ಕಾಡು ಕಾಣಿಸಿದ ಕೂಡಲೇ ಸಭೆಯೆಲ್ಲ ಹಾ ಎಂದಿತು. ಮುಗಿದ ಮೇಲೆ ತಂಡದ ನಿರ್ದೇಶಕರು ಓಡಿಬಂದು, ಎಲೆಗೂ ತೊಗಟೆಗೂ ನಡುವಿನ ಆ ಬಣ್ಣವನ್ನು ತಾವು ಎಲ್ಲೂ ಕಂಡಿಲ್ಲವೆಂದು ಹೊಗಳಿದರು. ಮುಂದಿನ ನಾಟಕಕ್ಕೆ ಇಡೀ ತೋಪೇ ಬೇಕು, ಬಣ್ಣ ಮಾತ್ರ ಇದೇ ಆಗಿರಬೇಕು, ಆಗುತ್ತದೆಯೇ ಎಂದು ಕೇಳಿದರು.

ಹೆಂಡತಿ ಸ್ವಲ್ಪವೂ ಯೋಚಿಸಲಿಲ್ಲ. ಖಂಡಿತ ಆಗುತ್ತದೆ ಎಂದು ಒಪ್ಪಿಕೊಂಡು, ಕಿವಿಯ ತುದಿಯ ತನಕ ಹಸಿರಾಗಿ ಪಕ್ಕದಲ್ಲಿ ನಿಂತಿದ್ದ ಗಂಡನ ಕಡೆಗೆ ತಿರುಗಿದರು.

"ರೀ, ಕಾರಿಗೆ ಈಗಲೇ ಕೂಲಂಟ್ ಹಾಕಬೇಡಿ."

ಜೀವಮಾನದಲ್ಲಿ ಮೊದಲ ಬಾರಿಗೆ ರಾಯರು "ಯಾಕೆ?" ಎಂದು ಕೇಳಲಿಲ್ಲ.