ಶೇಕಡಾವಾರು ಚಿಕ್ಕಮ್ಮ

ನಮ್ಮ ಚಿಕ್ಕಮ್ಮನನ್ನು ಮನೆಗೆ ಕರೆಯುವ ಮೊದಲು, ನಿಮ್ಮಲ್ಲಿ ಈಗೆಷ್ಟು ಜನ, ಹತ್ತು ವರ್ಷದ ಹಿಂದೆ ಎಷ್ಟು ಜನ ಎಂದು ನೆನಪು ಮಾಡಿಕೊಂಡಿರಿ! ಕಾಫಿ ಆರುವುದರೊಳಗೆ ನಿಮ್ಮ ಕುಟುಂಬದ ವಾರ್ಷಿಕ ಸರಾಸರಿ ಬೆಳವಣಿಗೆ ದರ ಹೊರಬೀಳುತ್ತದೆ. ಮೂಡುಬಿದಿರೆಯಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತರಾದವರು. ಚಿಕ್ಕಪ್ಪ ತೀರಿಕೊಂಡಿದ್ದಾರೆ. ಮಕ್ಕಳಿಲ್ಲ. ಈ ಕೊನೆಯ ಮಾತು ನಾನು ಹೇಳಬೇಕೆಂದೇನಿಲ್ಲ. ನೆಂಟರು ಅವರನ್ನು ಪರಿಚಯಿಸುವುದೇ ಅಲ್ಲಿಂದ!

ಒಮ್ಮೆ ವೇಣೂರಿನ ಬಸ್ಸಿನಲ್ಲಿ ಚಿಕ್ಕಮ್ಮನ ಪಕ್ಕದ ಸೀಟಿನವರು ಪಾಪ, ಬಾಯಿ ತೆರೆದರು.

"ಹತ್ತು ವರ್ಷದಲ್ಲಿ ನೂರಕ್ಕೆ ಇಪ್ಪತ್ತು ಜನ ಹೆಚ್ಚಾದ್ರೆ ವರ್ಷಕ್ಕೆ ಎರಡು, ಅಲ್ವಾ ಟೀಚರ್?"

"ಅಲ್ಲ ಮಾರಾಯ್ರೆ! ಎರಡಕ್ಕಿಂತ ಕಡಿಮೆ. ಹೆಚ್ಚಾದವರ ಮೇಲೂ ಹೆಚ್ಚುವುದುಂಟು, ಚಕ್ರಬಡ್ಡಿಯ ಹಾಗೆ. ಸುಮ್ಮನೆ ಹತ್ತರಿಂದ ಭಾಗಿಸಿದ್ರೆ ಆಗ್ತದಾ?"

ವಿವರಣೆ ಮುಂದುವರಿಯಿತು. ವೇಣೂರಿಗೆ ಟಿಕೆಟ್ ತೆಗೆದಿದ್ದ ಆ ಮನುಷ್ಯ ಅರ್ಧ ದಾರಿಯಲ್ಲೇ ಇಳಿದು ನಡೆದುಹೋದರು!

ಬೆಳ್ತಂಗಡಿಯ ಒಂದು ಮದುವೆಯಲ್ಲಿ ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ ಅಂದರು: "ಸ್ವಂತದ್ದು ಒಂದಿಲ್ಲ, ಊರ ಮಕ್ಕಳ ಲೆಕ್ಕ ನಿನಗೆ ಯಾಕೆ?"

"ಸರಾಸರಿಗೆ ಸೊನ್ನೆಯೂ ಬೇಕಲ್ಲ ಅಕ್ಕಾ!"

ಪಂಕ್ತಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಚಿಕ್ಕಮ್ಮ. ಪಾಯಸ ಮಾತ್ರ ಎಲೆಯಲ್ಲೇ ಉಳಿಯಿತು.

ಕಳೆದ ತಿಂಗಳು ಬಂಟ್ವಾಳದಲ್ಲಿ ನನ್ನ ತಂಗಿಯ ಮಗುವಿಗೆ ತೊಟ್ಟಿಲ ಶಾಸ್ತ್ರ. "ಮಕ್ಕಳಿರುವವರು ಮಾತ್ರ ತೊಟ್ಟಿಲ ಹತ್ತಿರ ಬನ್ನಿ" ಎಂದು ದೊಡ್ಡಮ್ಮ ಕರೆದರು. ಎಷ್ಟು ನಾಜೂಕು ನೋಡಿ! ಯಾರ ಹೆಸರನ್ನೂ ಎತ್ತಲಿಲ್ಲ. ಚಿಕ್ಕಮ್ಮ ತಾವಾಗಿಯೇ ಎದ್ದು ಜಗಲಿಗೆ ಬಂದು, ಅಲ್ಲಿ ಕೂತಿದ್ದ ನನಗೆ ಮೂರು ತಾಲೂಕುಗಳ ಬೆಳವಣಿಗೆ ದರ ಹೋಲಿಸಿ ಹೇಳತೊಡಗಿದರು. ಒಳಗೆ ಜೋಗುಳ ಏರಿದಂತೆ ಹೊರಗೆ ಚಿಕ್ಕಮ್ಮನ ದನಿಯೂ ಏರುತ್ತಿತ್ತು.

ಹಾಡು ಮುಗಿಯಿತು. ತಂಗಿ ಮಗುವನ್ನು ಎತ್ತಿಕೊಂಡು ನೇರ ಜಗಲಿಗೆ ಬಂದಳು.

"ಚಿಕ್ಕಮ್ಮ, ಇವಳನ್ನು ಸ್ವಲ್ಪ ಹಿಡ್ಕೊಳ್ಳಿ. ನಾನು ಊಟ ಮಾಡಿ ಬರ್ತೇನೆ."

ಬಾಗಿಲಲ್ಲಿ ದೊಡ್ಡಮ್ಮ ಗದರಿದರು: "ಅವಳ ಕೈಗೆ ಯಾಕೆ ಕೊಡ್ತಿ? ನಾವೆಲ್ಲ ಇಲ್ವಾ?"

"ನೀವೆಲ್ಲ ಎತ್ತಿ ಆಯ್ತಲ್ಲ ದೊಡ್ಡಮ್ಮ" ಎಂದು ತಂಗಿ ತಿರುಗಿಯೂ ನೋಡದೆ ಮಗುವನ್ನು ಚಿಕ್ಕಮ್ಮನ ಮಡಿಲಲ್ಲಿಟ್ಟು ಹೋದಳು.

ಚಿಕ್ಕಮ್ಮ ಅಲುಗಾಡಲೂ ಹೆದರಿ, ಕಣ್ಣಷ್ಟೇ ನನ್ನತ್ತ ಹೊರಳಿಸಿ ಪಿಸುಗುಟ್ಟಿದರು:

"ಕುತ್ತಿಗೆಗೆ ಕೈ ಹೇಗೆ ಕೊಡುವುದು ಮಾರಾಯ? ಇಷ್ಟು ಸಣ್ಣದನ್ನು ಇದುವರೆಗೆ ನನ್ನ ಕೈಗೆ ಯಾರೂ ಕೊಟ್ಟಿಲ್ಲ."