ಏಳಕ್ಕೆ ಏಳು ಪಡೆದ ವಿಶೇಷ ವ್ಯಕ್ತಿ

ಮೂಡಿಗೆರೆಯಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದಾಗ ವಿಜ್ಞಾನಕ್ಕೊಂದು ಸೇವೆ ಸಲ್ಲಿಸುವ ಅವಕಾಶ ನನಗೆ ಒದಗಿಬಂತು. ಸಲ್ಲಿಸಿದೆ. ವಿಜ್ಞಾನ ಹೇಗೋ ಚೇತರಿಸಿಕೊಂಡಿರಬಹುದು. ನಮ್ಮ ಮನೆ ಚೇತರಿಸಿಕೊಂಡದ್ದೇ ಹೆಚ್ಚು!

ಮನಶ್ಶಾಸ್ತ್ರದ ಮೇಷ್ಟ್ರು ಒಂದು ದಿನ ತರಗತಿಗೆ ಒಂದು ಕಟ್ಟು ಫಾರಂ ತಂದರು. ತಮಗೆ ಮನೆಯವರ ಆಸರೆ ಎಷ್ಟಿದೆ ಎಂದು ಬೇರೆ ಬೇರೆ ದೇಶದ ಕಾಲೇಜು ಹುಡುಗ ಹುಡುಗಿಯರಿಗೆ ಅನ್ನಿಸುತ್ತದೋ ಅದನ್ನು ಅಳೆದು ಹೋಲಿಸುತ್ತಾರಂತೆ. ಒಂದೊಂದು ಮಾತಿಗೂ ಒಂದರಿಂದ ಏಳರವರೆಗೆ ಅಂಕ. ಪೂರ್ತಿ ಒಪ್ಪಿದರೆ ಏಳು.

"ಹೆಸರು ಬರೀಬೇಡಿ, ಯಾರಿಗೂ ತೋರಿಸ್ಬೇಡಿ, ಇಲ್ಲೇ ತುಂಬಿ ಕೊಡಿ" ಎಂದರು ಮೇಷ್ಟ್ರು.

ಎಲ್ಲರೂ ಹತ್ತು ನಿಮಿಷದಲ್ಲಿ ಕೊಟ್ಟರು. ನಾನು ಮಾತ್ರ ಎದ್ದು ನಿಂತು, "ಸಾರ್, ಇಂಥದ್ದನ್ನ ಯೋಚ್ನೆ ಮಾಡಿ ತುಂಬ್ಬೇಕು. ನಾಳೆ ತರ್ತೀನಿ" ಎಂದೆ. ಮೇಷ್ಟ್ರು ಮೆಚ್ಚಿಕೊಂಡರು. ಪಾಪ!

ಸಂಜೆ ಕೊಟ್ಟಿಗೆಹಾರದ ನಮ್ಮ ಮನೆಯಲ್ಲಿ ಪೆನ್ಸಿಲ್ ಹಿಡಿದು ಕೂತೆ. 'ಮನೆಯವರು ನನ್ನ ಅಭಿಪ್ರಾಯ ಕೇಳುತ್ತಾರೆ.' ಚಿಕ್ಕಪ್ಪನ ಮಗಳ ಮದುವೆಗೆಂದು ಒಂದು ಮಾತೂ ಕೇಳದೆ ನನಗೆ ಬದನೆಕಾಯಿ ಬಣ್ಣದ ಸೀರೆ ತಂದದ್ದು ನೆನಪಾಗಿ ಐದು ಕೊಟ್ಟೆ. 'ಎಲ್ಲರಿಗೂ ಹೇಳಲಾಗದ್ದನ್ನು ಹೇಳಿಕೊಳ್ಳಲು ನನಗೊಬ್ಬ ವಿಶೇಷ ವ್ಯಕ್ತಿ ಇದ್ದಾರೆ.' ಇದಕ್ಕೆ ಧಾರಾಳವಾಗಿ ಏಳು. ಫಾರಂ ಮೇಜಿನ ಮೇಲಿಟ್ಟು ಮುಖ ತೊಳೆಯಲು ಹೋದೆ.

ಅಪ್ಪ ಎಸ್ಟೇಟೊಂದರಲ್ಲಿ ರೈಟರ್. ದಿನವಿಡೀ ಆಳುಗಳ ಹಾಜರಿ ಪುಸ್ತಕ ತಿದ್ದುವವರು. ಅಂಕಿಯಿರುವ ಕಾಗದ ಕಂಡರೆ ಓದದೆ ಬಿಡುವ ಜಾಯಮಾನ ಅವರದಲ್ಲ. ನಾನು ಒಳಗೆ ಬರುವಷ್ಟರಲ್ಲಿ ಅಪ್ಪ, ಅಮ್ಮ, ಅಜ್ಜಿ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು.

"ನಮ್ಗೆ ಏಳಕ್ಕೆ ಐದಾ? ಇನ್ನೆರಡು ಎಲ್ಲಿಗೆ ಹೋಯ್ತು?" ಎಂದರು ಅಪ್ಪ.

"ಅದಿರ್ಲಿ. ಈ ವಿಶೇಷ ವ್ಯಕ್ತಿ ಯಾರೇ?" ಅಮ್ಮನ ಪ್ರಶ್ನೆ.

ನಾನು ಗಾಬರಿಯಲ್ಲಿ, "ಹೆಸರು ಹೇಳ್ಬಾರ್ದು ಅಂದಿದಾರೆ" ಎಂದೆ.

"ಯಾರು ಅಂದಿದ್ದು?"

"ಮೇಷ್ಟ್ರು."

"ಅಯ್ಯೋ, ಮೇಷ್ಟ್ರಾ!" ಅಮ್ಮ ಹಣೆ ಚಚ್ಚಿಕೊಂಡಳು.

"ಹೇಳ್ಬಿಡೇ ಮಾರಾಯ್ತಿ, ಯಾವ ಊರಿನವ್ನು?" ಎಂದು ಎಲ್ಲರಿಗಿಂತ ಜೋರಾಗಿ ಕೇಳಿದ್ದು ಅಜ್ಜಿ. ದುರಂತವೇನೆಂದರೆ, ಆ ವಿಶೇಷ ವ್ಯಕ್ತಿ ಅಜ್ಜಿಯೇ!

ಹೇಳಿಬಿಡಬಹುದಿತ್ತು. ಆದರೆ ಅಜ್ಜಿ ಅಂಥದ್ದೇನು ಮಾಡಿದಳೆಂದು ಅಪ್ಪ ಕೇಳದೆ ಬಿಡುತ್ತಿರಲಿಲ್ಲ. ಮೊದಲ ವರ್ಷ ನಾನು ಇಂಗ್ಲಿಷಿನಲ್ಲಿ ಫೇಲಾಗಿ, ಮನೆಯಲ್ಲಿ ಪಾಸೆಂದು ಹೇಳಿದ್ದೆ. ನಿಜ ಗೊತ್ತಿದ್ದದ್ದು ಅಜ್ಜಿಗೊಬ್ಬಳಿಗೇ. ರಜೆಯಲ್ಲಿ ಬಂದ ಮರುಪರೀಕ್ಷೆಯ ದಿನ, ತನ್ನ ಮಂಡಿನೋವಿಗೆ ಡಾಕ್ಟರಿಗೆ ತೋರಿಸಬೇಕೆಂದು ನೆಪ ಹೇಳಿ ನನ್ನನ್ನು ಜೊತೆಗೆ ಮೂಡಿಗೆರೆಗೆ ಹೊರಡಿಸಿದ್ದಳು. ನಾನು ಬರೆದು ಮುಗಿಸುವ ತನಕ ಕಾಲೇಜಿನ ಮೆಟ್ಟಿಲ ಮೇಲೆ ಕೂತಿದ್ದಳು. ಆಗ ಪಾಸಾದೆ. ಆದರೂ ಅಪ್ಪನ ಮುಖ ನೋಡಿ ಇದನ್ನೆಲ್ಲ ಹೇಳುವ ಧೈರ್ಯ ಬರಲಿಲ್ಲ. ಧೈರ್ಯದ ಬದಲು ರಬ್ಬರ್ ಕೈಗೆತ್ತಿಕೊಂಡೆ.

"ಅಳಿಸ್ತಿದಾಳೆ, ಹಿಡ್ಕೊಳ್ಳಿ!" ಅಮ್ಮ ಕೂಗಿದಳು.

ಮರುದಿನ ಅಪ್ಪ ರಜೆ ಹಾಕಿ ನನ್ನೊಂದಿಗೇ ಬಸ್ ಹತ್ತಿದರು. ದಿನವೂ ನೋಡುವ ಕಂಡಕ್ಟರ್, "ಬಾರಮ್ಮ, ನಿನ್ಗೇ ಕಾಯ್ತಿದ್ದೆ" ಎಂದರು. ಎರಡು ಮೊಮ್ಮಕ್ಕಳಿರುವ ಆ ಮನುಷ್ಯನನ್ನು ಅಪ್ಪ ಮೂಡಿಗೆರೆ ಬರುವ ತನಕ ದುರುಗುಟ್ಟಿ ನೋಡಿದರು!

ಕಾಲೇಜಿನಲ್ಲಿ ವಿಷಯ ಕೇಳುತ್ತಿದ್ದಂತೆ ಮೇಷ್ಟ್ರ ಹಣೆಯಲ್ಲಿ ಬೆವರೊಡೆಯಿತು. "ನಿಜ ಹೇಳಮ್ಮ, ನನ್ನ ಕೆಲ್ಸದ ಪ್ರಶ್ನೆ" ಎಂದರು. ಇನ್ನು ಉಳಿಗಾಲವಿರಲಿಲ್ಲ. ಅಜ್ಜಿ, ಮಂಡಿನೋವು, ಇಂಗ್ಲಿಷು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ತಲೆತಗ್ಗಿಸಿ ನಿಂತೆ.

"ಫೇಲು... ಅಷ್ಟೇನಾ?" ಎಂದರು ಅಪ್ಪ.

"ಅಷ್ಟೇ ಅಪ್ಪ."

"ಬರೀ ಫೇಲು! ನಿನ್ನೆ ರಾತ್ರೀನೇ ಹೇಳ್ಬಾರ್ದಿತ್ತೇನೇ ಮಾರಾಯ್ತಿ!" ಅಪ್ಪ ಕುರ್ಚಿಯಲ್ಲಿ ಕುಸಿದು ಕೂತು ನಕ್ಕರು. ಮೇಷ್ಟ್ರು ಅವರಿಗಿಂತ ಜೋರಾಗಿ ನಕ್ಕರು. ಆಮೇಲೆ ಅಪ್ಪ ಮೆಲ್ಲಗೆ, "ನಂಗ್ಯಾಕೆ ಹೇಳ್ಲಿಲ್ಲ?" ಎಂದರು.

"ಬೈತೀರಿ ಅಂತ."

"ಬೈತಿದ್ದೆ. ಬೈದು, ಪರೀಕ್ಷೆಗೆ ಕರ್ಕೊಂಡೂ ಬರ್ತಿದ್ದೆ."

ಒಂದು ವರ್ಷದಿಂದ ಹೊತ್ತಿದ್ದ ಮೂಟೆ ಇಳಿದಂತಾಯಿತು. ಮಗಳು ಫೇಲಾದ ಸಂತೋಷಕ್ಕೆ ಮಸಾಲೆದೋಸೆ ಕೊಡಿಸಿದ ತಂದೆ ಆ ತಾಲೂಕಿನಲ್ಲಿ ಇನ್ನೊಬ್ಬರಿರಲಾರರು.

ಅದಕ್ಕೂ ಮೊದಲು ಮೇಷ್ಟ್ರು ಹೊಸ ಫಾರಂ ಕೊಟ್ಟು, "ಇಲ್ಲೇ, ಒಬ್ಳೇ ಕೂತು ತುಂಬು" ಎಂದಿದ್ದರು. ಒಬ್ಬಳೇ ಕೂತೆ. ಅಪ್ಪ ಕಿಟಕಿಯ ಹೊರಗೆ ನಿಂತು ಕತ್ತು ಚಾಚಿ ನೋಡುತ್ತಿದ್ದರು. ಎಲ್ಲದಕ್ಕೂ ಏಳು ಕೊಟ್ಟೆ!

ಸಂಜೆ ಸುದ್ದಿ ಕೇಳಿದ ಅಜ್ಜಿ ಮಂಡಿನೋವನ್ನೂ ಮರೆತು ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿಬಂದಳು. ಮರುದಿನದಿಂದ ಇಡೀ ಕೊಟ್ಟಿಗೆಹಾರದಲ್ಲಿ ಒಂದೇ ಮಾತು: "ಫಾರಿನ್ ಪರೀಕ್ಷೇಲಿ ಅಜ್ಜಿಗೆ ಏಳಕ್ಕೆ ಏಳಂತೆ. ಮೊಮ್ಮಗಳು ಇಂಗ್ಲಿಷಲ್ಲಿ ಫೇಲಂತೆ!"